ಮಳೆಗಾಲದಲ್ಲಿ ದೆವ್ವದ ಸಿನಿಮಾ ಹಾಕಬೇಡಿ

ಜೋರು ಮಳೆ, ಕರೆಂಟ್ ಇಲ್ಲ, ಸುತ್ತ ಕಾಫಿ ತೋಟ, ಗೋಡೆ ಮೇಲೆ ದೆವ್ವದ ಸಿನಿಮಾ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಬೆಂಗಳೂರಿನಲ್ಲಿರುವ ಗೆಳೆಯರೆಲ್ಲ ಇದನ್ನೇ ಹೇಳುತ್ತಿದ್ದರು. ನಾನೂ ನಂಬಿದೆ. ನಂಬಿ ಎರಡು ಮಳೆಗಾಲ ಹಾಳು ಮಾಡಿಕೊಂಡೆ. ಈಗ ನಾಲ್ಕನೇ ವರ್ಷ. ನಮ್ಮ ಗೋಡೌನಿನಲ್ಲಿ ಕಕ್ಕಡ ತಿಂಗಳಿಗೆ, ಅಂದರೆ ಜುಲೈ-ಆಗಸ್ಟಿನ ಮಳೆಗೆ, ಅನಿಮೆ ಎಂಬ ಜಪಾನಿನ ಕಾರ್ಟೂನ್ ಸಿನಿಮಾ; ದೆವ್ವಕ್ಕೆ ಜನವರಿ. ಹೀಗೆ ಮಾಡುತ್ತೇನೆ ಎಂದಾಗ ನಕ್ಕವರು ಈಗ ಕುಶಾಲನಗರದಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಊಟಕ್ಕೂ ನಿಲ್ಲುತ್ತಾರೆ, ಅದು ಬೇರೆ ಲೆಕ್ಕ.

ನಮ್ಮದು ಕೊಡಗಿನ ಚೇರಂಬಾಣೆ ಕಡೆ. ಜುಲೈ ಬಂತೆಂದರೆ ಮಳೆಯನ್ನು ಇಂಚಿನಲ್ಲಿ ಬರೆದಿಟ್ಟು ಬರೆದಿಟ್ಟು ಕೈ ಸೋಲುತ್ತದೆ. ಕಾಫಿ ಮಾರಿ ಆಗಿರುತ್ತದೆ, ಗೋಡೌನ್ ಖಾಲಿ ಬಿದ್ದಿರುತ್ತದೆ. ಅಲ್ಲೇ ಶುರು ಮಾಡಿದೆ. ಮೈಸೂರಿನಿಂದ ಒಂದು ಹಳೇ ಪ್ರೊಜೆಕ್ಟರ್ ತಂದೆ. ಹದಿನೆಂಟು ಸಾವಿರವೋ ಹತ್ತೊಂಬತ್ತೋ ಕೊಟ್ಟ ನೆನಪು. ಬಲ್ಬಿನ ಪ್ರೊಜೆಕ್ಟರ್. ಆ ಬಲ್ಬು ಆರಿದ ಮೇಲೂ ಒಂದೆರಡು ನಿಮಿಷ ಫ್ಯಾನ್ ತಿರುಗಬೇಕು, ಇಲ್ಲದಿದ್ದರೆ ಬಿಸಿಗೆ ಕೆಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ವರ್ಟರ್ ಇಲ್ಲದೆ ಓಡಿಸಿದೆ. ಒಂದೇ ವಾರದಲ್ಲಿ ನಾಲ್ಕು ಸಲ ಕರೆಂಟ್ ಹೋಯಿತು. ಐದನೇ ಸಲ ಒಳಗೆ ಟಪ್ ಎಂದಿತು. ಹೊಸ ಬಲ್ಬಿಗೆ ಆರೂವರೆ ಸಾವಿರ.

ಬಲ್ಬು ಹಾಕಿಸಿ ಒಂದು ತಿಂಗಳಾಗಿರಲಿಲ್ಲ, ಲೆನ್ಸಿಗೆ ಬೂಷ್ಟು ಬಂತು. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ, ಎಲ್ಲಕ್ಕೂ ಬೂಷ್ಟು ಬರುತ್ತದೆ. ಲೆನ್ಸನ್ನು ಬಿಡುತ್ತದಾ? ಗೋಡೆ ಮೇಲೆ ಜೇಡರ ಬಲೆಯ ಹಾಗೆ ಗೆರೆ ಬೀಳುತ್ತಿತ್ತು. ನನ್ನ ಭಾವ ಅದನ್ನು ಸಿನಿಮಾದ ದೆವ್ವವೆಂದೇ ತಿಳಿದು ಅರ್ಧ ಗಂಟೆ ಕಾದು ಕೂತಿದ್ದ. ಈಗಿನ ಎಲ್‌ಇಡಿ ಪ್ರೊಜೆಕ್ಟರ್ ಬಟ್ಟೆ ಬೀರುವಿನಲ್ಲಿರುತ್ತದೆ. ಬೀರುವಿನ ತಳದಲ್ಲಿ ದಿನವಿಡೀ ಒಂದು ನಲವತ್ತು ವ್ಯಾಟಿನ ಹಳೇ ಬಲ್ಬು ಉರಿಯುತ್ತದೆ. ಬಟ್ಟೆಗೆ ನಮ್ಮವ್ವ ಮಾಡುತ್ತಿದ್ದ ಉಪಾಯ ಅದು.

ಒಟ್ಟು ಖರ್ಚು? ಎರಡು ಪ್ರೊಜೆಕ್ಟರ್, ಇನ್ವರ್ಟರ್, 150 ಆ್ಯಂಪಿಯರ್ ಅವರಿನ ಬ್ಯಾಟರಿ, ಸ್ಪೀಕರ್, ರಿಪೇರಿ ಎಲ್ಲ ಸೇರಿ ಅರವತ್ತು ಸಾವಿರದ ಆಚೆಈಚೆ. ಹೆಂಡತಿ ದುಡ್ಡಿನಲ್ಲಿ ಹೇಳುವುದಿಲ್ಲ. "ಎರಡು ಮೂಟೆ ಕಾಳುಮೆಣಸು ಗೋಡೆ ನೋಡಿಕೊಂಡು ಹೋಯಿತು" ಎನ್ನುತ್ತಾಳೆ.

ಈಗ ದೆವ್ವದ ವಿಷಯ. ಮೊದಲ ಮಳೆಗಾಲದಲ್ಲಿ ಜಪಾನಿನ 'ರಿಂಗು' ಹಾಕಿದೆ. 1998ರದ್ದು, ಹಿದೆಯೊ ನಕಾಟ ಮಾಡಿದ್ದು. ಕಾಲೇಜಿನಲ್ಲಿ ಮೊದಲ ಸಲ ನೋಡಿದಾಗ ಮೂರು ರಾತ್ರಿ ಟಿವಿ ಕಡೆ ಬೆನ್ನು ಹಾಕಿ ಮಲಗಿದ್ದೆ. ಗೋಡೌನಿನಲ್ಲಿ? ಯಾರಿಗೂ ಏನೂ ಆಗಲಿಲ್ಲ. ತಗಡಿನ ಶೀಟಿನ ಮೇಲೆ ಮಳೆ ಬೀಳುತ್ತಿದ್ದರೆ ಪಕ್ಕದಲ್ಲಿ ಕೂತವನು ಕಿರುಚಿದರೂ ಕೇಳುವುದಿಲ್ಲ. ಬಾವಿಯಿಂದ ಹುಡುಗಿ ಮೇಲೆ ಬರುತ್ತಿದ್ದಾಳೆ, ಇಲ್ಲಿ ಒಬ್ಬರು ಹಲಸಿನ ಹಪ್ಪಳ ದಾಟಿಸುತ್ತಿದ್ದಾರೆ. ಸ್ಪೀಕರ್ ಸಾಲದು ಎಂದುಕೊಂಡೆ. ಇನ್ನೊಂದು ತಂದೆ. ಕಿರುಚಾಟ ಜೋರಾಯಿತು, ಹೆದರಿಕೆ ಬರಲಿಲ್ಲ.

ತಲೆಗೆ ಹೋಗಲು ಎರಡನೇ ವರ್ಷ ಬೇಕಾಯಿತು. ದೆವ್ವದ ಸಿನಿಮಾದಲ್ಲಿ ಎದೆ ಹಿಡಿಯುವುದು ಸದ್ದು ನಿಲ್ಲುವ ಜಾಗ. ಬಾಗಿಲು ಕಿರ್ ಎನ್ನುವ ಮುಂಚಿನ ಮೂರು ಸೆಕೆಂಡು. ಆ ಮೂರು ಸೆಕೆಂಡನ್ನು ನಮ್ಮ ಮಳೆ ತಿಂದುಬಿಡುತ್ತದೆ. ಜುಲೈಯಲ್ಲಿ ಕೊಡಗಿನಲ್ಲಿ ಮೌನ ಎಂಬುದೇ ಇಲ್ಲ. ಬೆಂಗಳೂರಿನವರಿಗೆ ಮಳೆಯೆಂದರೆ ಕಿಟಕಿಯಾಚೆ ಟಪಟಪ. ಅವರ ಮಾತು ಕೇಳಿದ್ದೇ ನನ್ನ ತಪ್ಪು.

ಇನ್ನೊಂದು ತೊಂದರೆ ಕತ್ತಲೆಯದು. ಪ್ರೊಜೆಕ್ಟರ್ ಬೆಳಕು ಬಿಡಬಲ್ಲದು, ಕಪ್ಪನ್ನು ಬಿಡಲಾರದು. ಕೋಣೆ ಎಷ್ಟು ಕತ್ತಲೆಯೋ ಸಿನಿಮಾದ ಕಪ್ಪು ಅಷ್ಟೇ ಕಪ್ಪು. ತೇವ ಹಿಡಿದ ಗೋಡೆ, ಪಕ್ಕದಲ್ಲಿ ಚಳಿಗೆಂದು ಹಾಕಿದ ಕೆಂಡ, ಕಡಿಮೆ ಬೆಳಕಿನ ಪ್ರೊಜೆಕ್ಟರ್. ದೆವ್ವ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೂದಿ ಬಣ್ಣದ ದೆವ್ವಕ್ಕೆ ಯಾರು ಹೆದರುತ್ತಾರೆ?

ಜೊತೆಗೆ ನಮ್ಮವರು ಸುಮ್ನೆ ಹೆದರುವ ಜನ ಅಲ್ಲ. ಸೂಟೆ ಬೆಳಕಿನಲ್ಲಿ ರಾತ್ರಿಯಿಡೀ ತೆರೆ, ಅಂದರೆ ದೈವ ಮೈಮೇಲೆ ಬರುವ ಕುಣಿತ, ನೋಡಿ ಬೆಳೆದವರು. ಆ ತೆರೆಯ ಮುಂದೆ ನನ್ನ ಈ ಸಿನಿಮಾ ತೆರೆ ಎಷ್ಟರದು? ಪಾದ್ರಿ ಬಂದು ದೆವ್ವ ಬಿಡಿಸುವ ಇಂಗ್ಲಿಷ್ ಸಿನಿಮಾ ಒಂದನ್ನು ಹಾಕಿದ್ದೆ. ದೊಡ್ಡಪ್ಪ ಇಂಟರ್‌ವಲ್‌ನಲ್ಲಿ ಎದ್ದು, "ಎಂಥ ಮಾರಾಯ, ಇದಕ್ಕೆ ಇಷ್ಟು ಹೊತ್ತಾ?" ಎಂದು ಹೇಳಿ ಮಲಗಲು ಹೋದರು.

ಮಳೆಯಲ್ಲಿ ಗೆದ್ದ ದೆವ್ವ ಒಂದೇ, 'ತುಂಬಾಡ್', 2018ರದ್ದು. ಅದರಲ್ಲಿ ಮಳೆ ನಿಲ್ಲುವುದೇ ಇಲ್ಲ. ಒಳಗಿನ ಮಳೆ ಯಾವುದು, ಹೊರಗಿನದು ಯಾವುದು ಎಂದು ತಿಳಿಯದೆ ಜನ ಕಾಲು ಮೇಲೆತ್ತಿ ಕೂತರು. ಅದನ್ನು ನೋಡಿ ಹೊಳೆಯಿತು: ಮಳೆಯ ಜೊತೆ ಜಗಳ ಆಡದ ಸಿನಿಮಾ ಬೇಕು. ಮಾತು ಕಡಿಮೆ, ಬಣ್ಣ ಜಾಸ್ತಿ, ಕತ್ತಲೆ ಕಡಿಮೆ.

ಅಂದರೆ ಅನಿಮೆ. ಹೇಳಿದಾಗ ಭಾವ "ಮುದುಕರಿಗೆ ಕಾರ್ಟೂನ್ ತೋರಿಸ್ತೀಯಾ?" ಎಂದ. ಅವನ ಮಗ ದಿನವಿಡೀ ಫೋನಿನಲ್ಲಿ ನೋಡುವ ಮುನ್ನೂರು ಎಪಿಸೋಡಿನ ಹೊಡೆದಾಟವೇ ಅನಿಮೆ ಎಂದು ಅವನ ಲೆಕ್ಕ. ಆ ಜಾತಿಯದು ನನಗೂ ಆಗುವುದಿಲ್ಲ. ಒಂದು ಗುದ್ದು ಕೊಡಲು ಮೂರು ಎಪಿಸೋಡ್ ಮಾತಾಡುತ್ತಾರೆ. ನಾನು ಹಾಕಿದ್ದು ಜಪಾನಿನ ನಿರ್ದೇಶಕ ಮಿಯಾಝಾಕಿಯ 'ಟೊಟೊರೊ', 1988ರದ್ದು. ಒಂದೂವರೆ ಗಂಟೆಯೂ ಇಲ್ಲ. ಅದರಲ್ಲಿ ಅಪ್ಪ ಇಬ್ಬರು ಹೆಣ್ಣು ಮಕ್ಕಳನ್ನು ಒಂದು ದೊಡ್ಡ ಕರ್ಪೂರದ ಮರದ ಮುಂದೆ ನಿಲ್ಲಿಸಿ, ತಾನೂ ತಲೆ ಬಾಗಿ ಅವರಿಂದಲೂ ಬಾಗಿಸುತ್ತಾನೆ. ಮರಕ್ಕೆ ಹಗ್ಗ ಸುತ್ತಿದೆ. ಅಷ್ಟರವರೆಗೆ ಅವರೆಕಾಳು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಅವರಲ್ಲೂ ದೇವರ ಕಾಡು ಇದೆಯಾ?" ಎಂದರು. ಕೊಡಗಿನಲ್ಲಿ ದೇವರ ಕಾಡುಗಳೇ 1,200ಕ್ಕೂ ಹೆಚ್ಚು. ನಮ್ಮ ಊರಿನದರಲ್ಲಿ ಒಣ ಕಡ್ಡಿ ಎತ್ತಲೂ ಅತ್ತೆ ಬಿಡುವುದಿಲ್ಲ. ಅಂಥವರಿಗೆ ಟೊಟೊರೊ ಕಾರ್ಟೂನ್ ಆಗಿ ಉಳಿಯಲೇ ಇಲ್ಲ.

ಆಮೇಲೆ ಬಸ್ ಸ್ಟಾಪಿನ ದೃಶ್ಯ. ಹುಡುಗಿಯರು ಮಳೆಯಲ್ಲಿ ಅಪ್ಪನ ಬಸ್ಸಿಗೆ ಕಾಯುತ್ತಾರೆ. ಪಕ್ಕದಲ್ಲಿ ಆ ದೊಡ್ಡ ಪ್ರಾಣಿ ಬಂದು ನಿಲ್ಲುತ್ತದೆ. ಕೊಡೆ ಮೇಲೆ ಹನಿ ಬಿದ್ದ ಸದ್ದಿಗೆ ಅದಕ್ಕೆ ಖುಷಿ. ಅದೇ ಹೊತ್ತಿಗೆ ನಮ್ಮ ಶೀಟಿನ ಮೇಲೆ ಮಳೆ ಒಂದು ಹದಕ್ಕೆ ಇಳಿಯಿತು. ಇದನ್ನು ನಾನು ಮಾಡಿಸಿದ್ದಲ್ಲ, ಆದರೆ ಹೆಸರು ನನಗೇ ಬಂತು.

ಇಂಗ್ಲಿಷ್ ಸಬ್‌ಟೈಟಲ್ ಹಿರಿಯರಿಗೆ ಓದಲು ಬರದು. ಭಾವನ ಮಗಳು ಓದಿ ಓದಿ ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಜಪಾನಿನಲ್ಲೇ ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಪಕ್ಕ ನಿಂತು ಕಥೆ ಹೇಳುವವರಿದ್ದರು, ಬೆನ್ಶಿ ಎಂದು. ಅಲ್ಲಿನ ದೊಡ್ಡ ನಿರ್ದೇಶಕ ಕುರೊಸಾವನ ಅಣ್ಣನೂ ಅದೇ ಕೆಲಸದಲ್ಲಿದ್ದ. ಟಾಕಿ ಬಂದು ಅವರ ಹೊಟ್ಟೆ ಮೇಲೆ ಹೊಡೆಯಿತು. ನಮ್ಮ ಬೆನ್ಶಿಗೆ ಪರೀಕ್ಷೆ ಬಂದು ಅವಳು ಮೈಸೂರಿಗೆ ಹೋದಾಗ ಅತ್ತೆಯೇ ಮೈಕ್ ಕಸಿದುಕೊಂಡರು. ಭಾಷೆ ಬರುವುದಿಲ್ಲ, ಓದು ಬರುವುದಿಲ್ಲ, ಕಥೆ ಮಾತ್ರ ನಿಲ್ಲುವುದಿಲ್ಲ. ಇವಳು ಅವನ ಸೋದರತ್ತೆ, ಇವನಿಗೆ ತೋಟದ ಜಗಳ, ಹೀಗೆ. ಅರ್ಧಕ್ಕರ್ಧ ಸುಳ್ಳು. ಈಗ ಜನ ಬರುವುದು ಅದಕ್ಕೇ. "ಬಾಯಿ ಒಂದೇ ಅಲ್ಲಾಡ್ತದೆ, ಮೈ ಕಲ್ಲು" ಎಂದು ಟಿವಿ ಅನಿಮೆಯ ಗುಟ್ಟು ಹಿಡಿದದ್ದೂ ಅವರೇ. ಸೆಕೆಂಡಿಗೆ 24 ಫ್ರೇಮ್ ಓಡಿದರೂ ಎಷ್ಟೋ ಕಡೆ ಬಿಡಿಸಿದ ಚಿತ್ರ ಎಂಟೇ ಇರುತ್ತದೆ. ಕಾಸು ಉಳಿಸುವ ಕೆಲಸ ಅದು. ನಮ್ಮಂಥ ಮಂಕು ಪ್ರೊಜೆಕ್ಟರಿಗೂ ಆ ಚಪ್ಪಟೆ ಬಣ್ಣವೇ ಹಿಡಿಸುತ್ತದೆ.

ಒಂದು ಎಚ್ಚರಿಕೆ. ಟೊಟೊರೊ ಜಪಾನಿನಲ್ಲಿ ಬಿಡುಗಡೆಯಾದದ್ದು 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಜೊತೆ, ಒಂದೇ ಟಿಕೆಟಿಗೆ ಎರಡು. ನಾನೂ ದೊಡ್ಡ ಜಾಣನ ಹಾಗೆ ಒಂದೇ ರಾತ್ರಿ ಎರಡನ್ನೂ ಹಾಕಿದೆ. ಯುದ್ಧದಲ್ಲಿ ಅನಾಥರಾದ ಅಣ್ಣ ತಂಗಿಯ ಕಥೆ. ಅತ್ತೆ ಮೈಕ್ ಕೆಳಗಿಟ್ಟರು. ಅವತ್ತು ಮಾಡಿದ್ದ ಕಣಿಲೆ ಪಲ್ಯ ಹಾಗೇ ಉಳಿಯಿತು. ಎರಡು ವಾರ ಯಾರೂ ಬರಲಿಲ್ಲ.

ಶೀಟಿನ ಸದ್ದು ಕಡಿಮೆ ಮಾಡಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಶೀಟಿನ ಮೇಲೆ ಒಂದು ವಸ್ತು ಹಾಸಿದ್ದೇನೆ. ಕಾಫಿ ಬೆಳೆಯುವವರ ಮನೆಯಲ್ಲಿ ಸಿಗುವಂಥದ್ದೇ, ದುಡ್ಡಿಲ್ಲದ್ದು. ಇಷ್ಟೇ ಹೇಳುತ್ತೇನೆ. ಬ್ಯಾಟರಿ ಮಾತ್ರ ಬಿಚ್ಚಿ ಹೇಳಬಹುದು: ಎಲ್‌ಇಡಿ ಪ್ರೊಜೆಕ್ಟರ್, ಸ್ಪೀಕರ್ ಸೇರಿ ಸುಮಾರು ನೂರಿಪ್ಪತ್ತು ವ್ಯಾಟು ಎಳೆಯುತ್ತದೆ. ಮರ ಬಿದ್ದು ಲೈನ್ ಹೋದ ದಿನವೂ ಎರಡು ಸಿನಿಮಾಕ್ಕೆ ಮೋಸವಿಲ್ಲ. ಮನೆಯ ಫ್ರಿಜ್ ಮಾತ್ರ ಅದಕ್ಕೆ ಕೊಡಬೇಡಿ. ಕೊಟ್ಟಿದ್ದೆ, ಕ್ಲೈಮ್ಯಾಕ್ಸ್ ಹೋಯಿತು.

ಇನ್ನು ಜನವರಿ. ಹಣ್ಣು ಕೊಯ್ದು ಕಣದಲ್ಲಿ ಒಣಗಲು ಹಾಕಿರುತ್ತೇವೆ. ರಾತ್ರಿ ಇಬ್ಬನಿಗೆ ರಾಶಿ ಮಾಡಿ ಟಾರ್ಪಾಲ್ ಮುಚ್ಚುತ್ತೇವೆ. ಕಳ್ಳರ ಕಾಟ, ಕಾವಲು ಇರಲೇಬೇಕು. ಕಾವಲಿಗೆ ಕೂತವನು ಹನ್ನೊಂದಕ್ಕೆ ಗೊರಕೆ ಹೊಡೆಯುತ್ತಾನೆ. ದೆವ್ವದ ಸಿನಿಮಾವನ್ನು ಅಲ್ಲಿಗೆ ತಂದೆ. ಗೋಡೌನಿನ ಹೊರಗೋಡೆಯೇ ತೆರೆ, ಗೋಣಿ ಚೀಲವೇ ಸೀಟು. ಅಮಾವಾಸ್ಯೆ ಹತ್ತಿರದ ರಾತ್ರಿಗಳೇ ಬೇಕು. ಗಾಳಿ ಇಲ್ಲ, ಮಳೆ ಇಲ್ಲ, ಎಲೆ ಬಿದ್ದರೂ ಕೇಳುತ್ತದೆ. ಅದೇ 'ರಿಂಗು' ಮತ್ತೆ ಹಾಕಿದೆ. ಮಳೆಗಾಲದಲ್ಲಿ ಹಪ್ಪಳ ದಾಟಿಸಿದವರೇ ಒಬ್ಬರ ತೋಳು ಒಬ್ಬರು ಹಿಡಿದುಕೊಂಡರು. ಆ ವರ್ಷ ಕಾವಲುಗಾರರು ಯಾರೂ ಮಲಗಲಿಲ್ಲ, ಒಂದು ಹಿಡಿ ಕಾಫಿಯೂ ಹೋಗಲಿಲ್ಲ. ಹೆಂಡತಿಗೆ ಈ ಲೆಕ್ಕ ಒಪ್ಪಿಸಿದ್ದೇನೆ.

ಬಾವಿಯ ಹುಡುಗಿಯ ಆ ವಿಚಿತ್ರ ನಡಿಗೆಗೆ, ನಟಿಯನ್ನು ಹಿಂದಕ್ಕೆ ನಡೆಸಿ ಚಿತ್ರವನ್ನು ತಿರುಗಿಸಿ ಓಡಿಸಿದ್ದಾರಂತೆ ಎಂದು ಹುಡುಗರಿಗೆ ಹೇಳಿ ತಪ್ಪು ಮಾಡಿದೆ. ಮರುದಿನ ಭಾವನ ಮಗ ಅಮ್ಮನ ಬಿಳಿ ನೈಟಿ ಹಾಕಿಕೊಂಡು ಕಣದಲ್ಲಿ ಹಿಂದೆ ಹಿಂದೆ ನಡೆದು, ಕಾಫಿ ರಾಶಿಯ ಮೇಲೆ ಬಿದ್ದ. ವಿಡಿಯೊದಲ್ಲಿ ರಾಶಿಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಚೆನ್ನಾಗಿದೆ.

ಸೈನ್ಸ್ ಫಿಕ್ಷನ್ ನನಗೆ ಕೊನೆಗೆ ಒಲಿದದ್ದು. 1968ರ '2001: ಎ ಸ್ಪೇಸ್ ಒಡಿಸ್ಸಿ' ನನಗೆ ಪ್ರಾಣ. ಶುರುವಿನಲ್ಲಿ ಇಪ್ಪತ್ತು ನಿಮಿಷದ ಮೇಲೆ ಮಾತೇ ಇಲ್ಲ, ಬರೀ ವಾನರಗಳು. ಮಳೆಗೆ ಸರಿಯಾದದ್ದು ಎಂದು ಆಗಸ್ಟಿನಲ್ಲಿ ಹಾಕಿದೆ. ದೊಡ್ಡಪ್ಪನಿಗೆ ಮಂಗನೆಂದರೆ ಆಗದು, ಕಿತ್ತಳೆ ಏಲಕ್ಕಿ ಎಲ್ಲ ಕಳೆದುಕೊಂಡವರು. ಬೈಯುತ್ತಾ ನೋಡಿದರು. ಬಾಹ್ಯಾಕಾಶ ಬಂದ ತಕ್ಷಣ ನಿದ್ದೆ.

ಹೋದ ಜನವರಿಯಲ್ಲಿ ಕಣದಲ್ಲಿ 'ಏಲಿಯನ್' ಹಾಕಿದೆ. 1979ರದ್ದು, ರಿಡ್ಲಿ ಸ್ಕಾಟ್. ಅದರಲ್ಲಿ ಬಹುಪಾಲು ಹೊತ್ತು ಆ ಪ್ರಾಣಿ ಪೂರ್ತಿಯಾಗಿ ಕಾಣುವುದೇ ಇಲ್ಲ. ಒಂದು ಬಾಲ, ಒಂದು ದವಡೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಹಡಗಿನವರು ಯಂತ್ರ ಹಿಡಿದು ಅದು ಎಲ್ಲಿದೆ ಎಂದು ಹುಡುಕುತ್ತಾರೆ. ದೊಡ್ಡಪ್ಪ ಗೋಣಿಯಿಂದ ಮುಂದಕ್ಕೆ ಜರುಗಿ ಕೂತರು. ತೋಟಕ್ಕೆ ಆನೆ ಬಂದ ರಾತ್ರಿ ನಮಗೂ ಇಷ್ಟೇ ಗೊತ್ತಾಗುವುದು. ಬೈನೆ ಮರ ಮುರಿದ ಸದ್ದು, ಒಂದು ವಾಸನೆ, ಆಮೇಲೆ ಏನೂ ಇಲ್ಲ. ಅಷ್ಟು ದೊಡ್ಡ ಪ್ರಾಣಿ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಹಡಗಿನವನೊಬ್ಬ ಬೆಕ್ಕು ಹುಡುಕಿಕೊಂಡು ಒಬ್ಬನೇ ಹೊರಟಾಗ ದೊಡ್ಡಪ್ಪ ಜೋರಾಗಿ, "ಒಬ್ಬನೇ ಹೋಗಬೇಡ, ಅದು ಅಲ್ಲೇ ಉಂಟು!" ಎಂದು ಕೂಗಿದರು.

ಅದೇ ಹೊತ್ತಿಗೆ ಕೆಳಗಿನ ತೋಟದಲ್ಲಿ ಏನೋ ಮುರಿಯಿತು. ಪ್ರೊಜೆಕ್ಟರ್ ಆಫ್ ಮಾಡಿ ಎಲ್ಲರೂ ಮನೆಯೊಳಗೆ ಓಡಿದೆವು. ಉಳಿದ ಅರ್ಧ ಸಿನಿಮಾವನ್ನು ಮರುದಿನ ಹಗಲಲ್ಲಿ, ಬಾಗಿಲು ಹಾಕಿಕೊಂಡು, ಟಿವಿಯಲ್ಲಿ ನೋಡಿದರು. ದೊಡ್ಡಪ್ಪನೇ ಕೇಳಿ ಹಾಕಿಸಿಕೊಂಡದ್ದು.