ಮುಳ್ಳು ಕದಲದ ವಾರಗಳಲ್ಲಿ ಬ್ಯಾಚು ಉಳಿಸಿಕೊಂಡ ಬಗೆ: ನನ್ನ ಅನುಭವ

ತೂಕ ಇಳಿಸುವ ಹನ್ನೆರಡು ವಾರದ ಚಾಲೆಂಜ್ ನಡೆಸಿದವರಿಗೆಲ್ಲ ಗೊತ್ತು, ಜನ ಕೈಬಿಡುವುದು ಮೂರರಿಂದ ಐದನೇ ವಾರದೊಳಗೆ. ಮೊದಲ ವಾರ ಒಂದೂವರೆ ಎರಡು ಕೆಜಿ ಇಳಿದ ಸಂಭ್ರಮ, ಎರಡನೇ ವಾರ ಅರ್ಧ ಕೆಜಿ, ಆಮೇಲೆ ಮುಳ್ಳು ಅಲ್ಲಾಡುವುದಿಲ್ಲ. "ಸರ್, ಅನ್ನ ಬಿಟ್ಟು ಹದಿನೈದು ದಿನ ಆಯ್ತು, ನೂರು ಗ್ರಾಮೂ ಇಳಿದಿಲ್ಲ" ಅನ್ನುವ ಮಾತು ಬಂತೆಂದರೆ ಮುಂದಿನ ಸೋಮವಾರ ಆ ಚಾಪೆ ಖಾಲಿ. ಇಪ್ಪತ್ತೈದು ಜನರಿಂದ ಶುರುವಾದ ಬ್ಯಾಚು ಕೊನೆಗೆ ಏಳೆಂಟು ಜನಕ್ಕೆ ಬಂದು ನಿಲ್ಲುವುದು ಮೈಸೂರಿನಲ್ಲಿ ಎಲ್ಲ ಕಡೆ ನಡೆಯುವ ಕತೆ.

ನಮ್ಮ ಕಳೆದೆರಡು ಬ್ಯಾಚುಗಳಲ್ಲಿ ಇಪ್ಪತ್ನಾಲ್ಕಕ್ಕೆ ಹದಿನೆಂಟು ಹತ್ತೊಂಬತ್ತು ಜನ ಕೊನೆಯವರೆಗೂ ಉಳಿದರು. ಕೆಜಿಗೆ ಬಹುಮಾನ ತೆಗೆದುಹಾಕುತ್ತೇವೆ ಎಂದಾಗ ಇಲ್ಲಿಯ ಜಿಮ್‌ನವರು ನಕ್ಕಿದ್ದರು. "ಕೆಜಿ ಇಲ್ಲದೆ ಚಾಲೆಂಜ್‌ಗೆ ಯಾರ್ರೀ ಸೇರ್ತಾರೆ? ಫ್ಲೆಕ್ಸ್ ಮೇಲೆ ಏನಂತ ಬರೀತೀರಿ?" ಈಗ ಅವರಲ್ಲಿ ಇಬ್ಬರು ನಮ್ಮ ರಿಜಿಸ್ಟರಿನ ನಮೂನೆ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಮೊದಲು ಮೆಷಿನ್ ವಿಷಯ. ಇದನ್ನು ಯಾರೂ ನೋಡುವುದಿಲ್ಲ. ಸಾವಿರ, ಸಾವಿರದಿನ್ನೂರಕ್ಕೆ ಸಿಗುವ ಗಾಜಿನ ಡಿಜಿಟಲ್ ತೂಕದ ಮೆಷಿನ್‌ಗಳಲ್ಲಿ ಹಲವಕ್ಕೆ ಹಿಂದಿನ ತೂಕ ನೆನಪಿಟ್ಟುಕೊಳ್ಳುವ ಚಾಳಿ ಇರುತ್ತದೆ. ಹೊಸ ತೂಕ ಹಿಂದಿನದಕ್ಕಿಂತ ಇನ್ನೂರು ಮುನ್ನೂರು ಗ್ರಾಂ ಮಾತ್ರ ಆಚೀಚೆ ಇದ್ದರೆ ಅದು ಹಳೆಯ ಅಂಕಿಯನ್ನೇ ಮತ್ತೆ ತೋರಿಸುತ್ತದೆ. ಒಂದೇ ದಿನ ಎರಡು ಸಲ ನಿಂತರೂ ಒಂದೇ ತೂಕ ಬಂದರೆ ಗಿರಾಕಿ ಮೆಚ್ಚುತ್ತಾನಲ್ಲ, ಅದಕ್ಕೆ ಮಾಡಿಟ್ಟ ವ್ಯವಸ್ಥೆ. ಪತ್ತೆ ಹಚ್ಚುವುದು ಸುಲಭ. ಮೆಷಿನ್ ಮೇಲೆ ನಿಂತು ಅಂಕಿ ಬರೆದುಕೊಳ್ಳಿ. ಇಳಿದು, ಅಂಕಿ ಆರಿದ ಮೇಲೆ, ಕೈಯಲ್ಲಿ ಕಾಲು ಲೀಟರ್ ನೀರಿನ ಬಾಟಲಿ ಹಿಡಿದು ನಿಲ್ಲಿ. ಅಂಕಿ ಬದಲಾಗದಿದ್ದರೆ ಮೆಷಿನ್ ಹಳೆಯದನ್ನೇ ಹೇಳುತ್ತಿದೆ. ಪರಿಹಾರವೂ ಅಷ್ಟೇ ಸುಲಭ: ಮೊದಲು ಐದು ಕೆಜಿ ಡಂಬೆಲ್ ಹಿಡಿದು ಒಮ್ಮೆ ನಿಂತು ಇಳಿಯುವುದು, ಆಮೇಲೆ ಬರಿಗೈಯಲ್ಲಿ ತೂಕ. ನಮ್ಮಲ್ಲಿ "ಮುಳ್ಳು ಕದಲ್ತಿಲ್ಲ" ಎಂದು ಬಂದವರಲ್ಲಿ ನಾಲ್ಕಕ್ಕೆ ಒಬ್ಬರ ಸಮಸ್ಯೆ ಇಲ್ಲಿಗೇ ಮುಗಿದಿದೆ.

ಜೊತೆಗೆ ನೆಲ. ಮೆಷಿನ್ನಿನ ನಾಲ್ಕು ಮೂಲೆಯ ಕಾಲುಗಳಲ್ಲೂ ಸೆನ್ಸರ್ ಇರುತ್ತದೆ. ರತ್ನಗಂಬಳಿ, ಯೋಗ ಮ್ಯಾಟ್, ಎರಡು ಟೈಲ್ಸ್ ನಡುವಿನ ಗಾರೆ ಗೆರೆ, ಇವುಗಳ ಮೇಲಿಟ್ಟರೆ ಅಂಕಿ ಕೆಡುತ್ತದೆ. ಒಂದು ಟೈಲ್ ಆರಿಸಿ, ಸುತ್ತ ಮಾರ್ಕರಿನಲ್ಲಿ ಗೆರೆ ಹಾಕಿ, ಅಲ್ಲಿಂದ ಕದಲಿಸಬೇಡಿ. ಸೆಲ್ಲು ಕ್ಷೀಣಿಸಿದಾಗಲೂ ಅಂಕಿ ಹಾರಾಡುತ್ತದೆ. ಚಾಲೆಂಜ್ ಶುರುವಾಗುವ ದಿನವೇ ಹೊಸ ಸೆಲ್ಲು ಹಾಕಿಬಿಡಿ, ನೂರು ರೂಪಾಯಿಯ ಒಳಗಿನ ಕೆಲಸ.

ಇನ್ನು ನೀರು. ನೀವೆಲ್ಲ ಬಲ್ಲದ್ದೇ, ಲೆಕ್ಕ ಮಾತ್ರ ಹೇಳುತ್ತೇನೆ, ಸದಸ್ಯರ ಮುಂದೆ ಬೋರ್ಡ್ ಮೇಲೆ ಬರೆದು ತೋರಿಸಲು ಬೇಕಾಗುತ್ತದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ 2,100. ಕೆಜಿ ಕೊಬ್ಬಿಗೆ ಸುಮಾರು 7,700 ಎಂದು ಹಿಡಿದರೆ ವಾರದಲ್ಲಿ ಕರಗಿದ್ದು 270 ಗ್ರಾಂ. ಅದೇ ದೇಹದ ನೀರು ದಿನದಿಂದ ದಿನಕ್ಕೆ ಒಂದು ಒಂದೂವರೆ ಕೆಜಿ ಆಚೀಚೆ ಆಗುತ್ತದೆ. ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ, ಅಂದರೆ ಗ್ಲೈಕೋಜನ್, ಒಂದು ಗ್ರಾಂ ಇದ್ದರೆ ತನ್ನೊಂದಿಗೆ ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಮದುವೆ ಊಟ ಮಾಡಿ ಬಂದ ಮಾರನೆ ದಿನ ಮುಕ್ಕಾಲು ಕೆಜಿ ಏರಿದರೆ ಅದು ಕೊಬ್ಬಲ್ಲ. ಉಪ್ಪಿನಕಾಯಿ, ಹಪ್ಪಳ ಮತ್ತೊಂದಿಷ್ಟು ಸೇರಿಸುತ್ತವೆ. ಸ್ಕ್ವಾಟ್ ಮಾಡಿಸಿದ ಮೇಲೆ ತೊಡೆ ನೋಯುವ ಎರಡು ಮೂರು ದಿನ ಅಲ್ಲೂ ನೀರು ನಿಲ್ಲುತ್ತದೆ. ಮಸಲ್‌ಗೆಂದು ಕ್ರಿಯಾಟಿನ್ ಪುಡಿ ಶುರುಮಾಡಿದ ಹುಡುಗರಿಗೆ ಒಂದು ಕೆಜಿ ಏರಿದರೆ ಆಶ್ಚರ್ಯವಿಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಿನ ಹಿಂದಿನ ವಾರ ತೂಕ ಹೆಚ್ಚು ಕಾಣುವುದು ಸಹಜ, ಅವರ ತೂಕವನ್ನು ಹೋದ ವಾರದ್ದಕ್ಕೆ ಹೋಲಿಸದೆ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಇದೊಂದನ್ನು ರಿಜಿಸ್ಟರಿನಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿಸಿದ್ದರಿಂದಲೇ ಹೆಂಗಸರ ಬ್ಯಾಚಿನ ಅರ್ಧ ನಿರಾಸೆ ತಗ್ಗಿತು.

"ಕೊಬ್ಬು ಹೋಗಿ ಮಸಲ್ ಬಂದಿದೆ, ಅದಕ್ಕೇ ತೂಕ ಅಷ್ಟೇ ಇದೆ" ಎಂಬ ಸಮಾಧಾನವನ್ನು ದಯವಿಟ್ಟು ಹೇಳಬೇಡಿ. ಶ್ರದ್ಧೆಯಿಂದ ಭಾರ ಎತ್ತುವ ಹೊಸ ಹುಡುಗನಿಗೂ ತಿಂಗಳಿಗೆ ಒಂದು ಕೆಜಿ ಮಸಲ್ ಬರುವುದು ದೊಡ್ಡ ಮಾತು, ಹೆಂಗಸರಿಗೆ ಅದರ ಅರ್ಧ. ಎರಡು ವಾರದ ನಿಲುಗಡೆಗೆ ಮಸಲ್ ಕಾರಣ ಆಗುವುದಿಲ್ಲ. ಸದಸ್ಯರೂ ದಡ್ಡರಲ್ಲ, ಎರಡನೇ ಸಲ ಅದೇ ಮಾತು ಕೇಳಿದರೆ ನಂಬಿಕೆ ಹೋಗುತ್ತದೆ.

ತೂಕ ಮರೆಮಾಡಿಯೂ ನೋಡಿದೆವು. ಹಿಮ್ಮುಖವಾಗಿ ನಿಲ್ಲಿಸಿ ನಾವೇ ಬರೆದುಕೊಳ್ಳುವುದು, ಆರು ವಾರ ಅವರಿಗೆ ಹೇಳದಿರುವುದು. ನಡೆಯಲಿಲ್ಲ. ಮನೆಯಲ್ಲಿ ನೋಡಿಕೊಂಡು ಬರುತ್ತಾರೆ, ಮೆಡಿಕಲ್ ಶಾಪಿನಲ್ಲಿ ನೋಡುತ್ತಾರೆ, ರೈಲ್ವೆ ಸ್ಟೇಷನ್ನಿನಲ್ಲಿ ಚೀಟಿ ತೆಗೆದು ತಂದವರೂ ಇದ್ದಾರೆ. ಈಗ ಉಲ್ಟಾ ಮಾಡುತ್ತೇವೆ: ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ ನೋಡಿ ಬರೆಯಲೇಬೇಕು. ಆದರೆ ಗ್ರೂಪಿನಲ್ಲಿ ಆ ದಿನದ ಅಂಕಿ ಹಾಕುವಂತಿಲ್ಲ. ಭಾನುವಾರ ಏಳು ದಿನದ ಸರಾಸರಿ ಮಾತ್ರ. ಏಳು ಅಂಕಿ ಕೂಡಿ ಏಳರಿಂದ ಭಾಗಿಸುವುದನ್ನು ಅವರ ಕೈಯಲ್ಲೇ ಮಾಡಿಸಿ, ಆ್ಯಪ್ ಬೇಡ. ಬುಧವಾರ 72.4, ಗುರುವಾರ 73.1 ಎಂದು ಕಣ್ಣಾರೆ ಕಂಡು, ಕೊನೆಗೆ ಸರಾಸರಿ ಹೋದ ವಾರಕ್ಕಿಂತ 200 ಗ್ರಾಂ ಕೆಳಗೆ ಬಂದಾಗ, ನಾವು ಬೋರ್ಡ್ ಮೇಲೆ ಬರೆದ ನೀರಿನ ಲೆಕ್ಕ ತಾನಾಗಿ ತಲೆಗೆ ಹತ್ತುತ್ತದೆ.

ಈ ಸರಾಸರಿ ಮೊದಲ ಅಂಕಿಯಾದರೆ, ಟೇಪಿನಲ್ಲಿ ಅಳೆದ ಸೊಂಟದ ಸುತ್ತಳತೆ ಎರಡನೇ ಅಂಕಿ. ಟೈಲರ್‌ಗಳ ಬಟ್ಟೆ ಟೇಪು ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ, ಆದರೆ ಎಳೆದೆಳೆದು ಹಿಗ್ಗುತ್ತದೆ. ತಿಂಗಳಿಗೊಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಂಡರೆ ಎಸೆಯಿರಿ. ಹೊಕ್ಕುಳ ನಂಬಬೇಡಿ, ಹೊಟ್ಟೆ ಇಳಿದ ಹಾಗೆ ಅದೂ ಜಾಗ ಬದಲಿಸುತ್ತದೆ. ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬಿನ ಕೆಳತುದಿ, ಸೊಂಟದ ಮೂಳೆಯ ಮೇಲ್ತುದಿ, ಇವೆರಡನ್ನೂ ಬೆರಳಿನಿಂದ ಹುಡುಕಿ, ನಡುವೆ ಪೆನ್ನಿನ ಚುಕ್ಕೆ ಇಡಿ. ಟೇಪು ಆ ಚುಕ್ಕೆಯ ಮೇಲೆ ನೆಲಕ್ಕೆ ಸಮಾನಾಂತರವಾಗಿ, ಚರ್ಮ ಒತ್ತದ ಹಾಗೆ ಸುತ್ತಬೇಕು. ಮಾಮೂಲಿಯಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿಕೊಳ್ಳಿ. "ಸರ್, ಒಂದ್ನಿಮಿಷ" ಎಂದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಹಾಗಾಗಿ ಅವರ ಹೆಸರು ಕೇಳುತ್ತಾ ಮಾತಾಡಿಸುತ್ತಾ ಓದಿಬಿಡುವುದು. ಎರಡು ಸಲ ಅಳೆದು ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ ಅಳೆಯಿರಿ. ಅಳೆಯುವ ಕೈ ಹನ್ನೆರಡು ವಾರವೂ ಒಂದೇ ಇರಬೇಕು, ಹೆಂಗಸರಿಗೆ ಹೆಂಗಸರೇ ಅಳೆಯಬೇಕು. ಎರಡು ವಾರಕ್ಕೊಮ್ಮೆ ಸಾಕು. ವಾರವಾರ ಹಿಡಿದರೆ ಟೇಪಿಗೂ ಮೆಷಿನ್ನಿನ ಗತಿಯೇ ಆಗುತ್ತದೆ. ನಮ್ಮ ಭಾರತೀಯರ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಗುರಿ ಕೆಜಿಯಿಂದ ಇಲ್ಲಿಗೆ ದಾಟಬೇಕು.

ಮೂರನೇ ಅಂಕಿಯೇ ನಮ್ಮ ಬ್ಯಾಚಿನ ಜೀವ: ಚಾಮುಂಡಿ ಬೆಟ್ಟದ ಮೆಟ್ಟಿಲು. ಬೆಟ್ಟದ ಪಾದದಿಂದ ನಂದಿ ವಿಗ್ರಹದವರೆಗೆ, ಅಂದರೆ ಸಾವಿರ ಮೆಟ್ಟಿಲಿನಲ್ಲಿ ಸುಮಾರು ಏಳುನೂರು. ಎರಡು ವಾರಕ್ಕೊಂದು ಭಾನುವಾರ, ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮುಂಚೆ. ಮೊದಲ ಸಲ ಹೊಸಬರಿಗೆ ಮೂವತ್ತು ಮೂವತ್ತೈದು ನಿಮಿಷ ಹಿಡಿಯುತ್ತದೆ, ನಾಲ್ಕೈದು ಕಡೆ ಕೂರುತ್ತಾರೆ. ಆರನೇ ವಾರದ ಹೊತ್ತಿಗೆ ಇಪ್ಪತ್ತನಾಲ್ಕು ಇಪ್ಪತ್ತೈದು. ತೂಕ ನಿಂತ ವಾರದಲ್ಲೇ ಈ ಅಂಕಿ ಹೆಚ್ಚು ಜೋರಾಗಿ ಇಳಿಯುತ್ತದೆ, ಏಕೆಂದರೆ ಹೃದಯ, ಕಾಲು ಎರಡೂ ಪಳಗುವುದು ಮೊದಲ ಒಂದೂವರೆ ಎರಡು ತಿಂಗಳಲ್ಲೇ. ಯಾವ ಭಾಷಣಕ್ಕೂ ಆಗದ ಕೆಲಸ ಆ ಎಂಟು ನಿಮಿಷದ ವ್ಯತ್ಯಾಸ ಮಾಡುತ್ತದೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಮಳೆಗಾಲದಲ್ಲಿ ಜಾರುತ್ತವೆ. ಇಳಿಯುವಾಗ ಗಡಿಯಾರ ನೋಡಬಾರದು, ಮೊಣಕಾಲು ಹಾಳಾಗುವುದು ಇಳಿಯುವಾಗಲೇ. ಬಿಪಿ, ಹೃದಯದ ತೊಂದರೆ ಇರುವವರನ್ನು ವೈದ್ಯರ ಒಪ್ಪಿಗೆ ಇಲ್ಲದೆ ಹತ್ತಿಸುವುದಿಲ್ಲ.

ಐವತ್ತು ದಾಟಿದವರನ್ನೂ ಇಪ್ಪತ್ತೈದರವರನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸಲು ನಮ್ಮದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ.

ಬೆಟ್ಟವಿಲ್ಲದ ಊರಿನವರು 30 ಸೆಂಟಿಮೀಟರ್ ಎತ್ತರದ ಗಟ್ಟಿ ಸ್ಟೂಲ್ ಮೇಲೆ ಮೂರು ನಿಮಿಷ ಹತ್ತಿಳಿಸಿ. ಮೆಟ್ರೊನೋಮ್ (ಸಮ ತಾಳಕ್ಕೆ ಟಿಕ್ ಎನ್ನುವ ಸಾಧನ) ನಿಮಿಷಕ್ಕೆ 96ಕ್ಕೆ ಇಟ್ಟು ಟಿಕ್ಕಿಗೊಂದು ಹೆಜ್ಜೆ ಹಾಕಿಸಿದರೆ, ಹತ್ತಿಳಿಯಲು ನಾಲ್ಕು ಹೆಜ್ಜೆಯಂತೆ ನಿಮಿಷಕ್ಕೆ ಇಪ್ಪತ್ನಾಲ್ಕು ಸಲ ಹತ್ತಿಳಿದಂತೆ. ಮುಗಿದ ಕೂಡಲೇ ಕೂರಿಸಿ ಒಂದು ನಿಮಿಷ ನಾಡಿ ಎಣಿಸಿ. ವಾರಗಳು ಕಳೆದಂತೆ ಆ ಎಣಿಕೆ ಇಳಿಯಬೇಕು. ಪರೀಕ್ಷೆಯ ಹಿಂದಿನ ಎರಡು ಗಂಟೆ ಕಾಫಿ ಕೊಡಬೇಡಿ, ನಾಡಿ ಸುಳ್ಳು ಹೇಳುತ್ತದೆ.

ದುಡ್ಡಿನ ಕಥೆ. ಮೊದಲಿನ ಬ್ಯಾಚುಗಳಲ್ಲಿ ಹೆಚ್ಚು ಕೆಜಿ ಇಳಿಸಿದವರಿಗೆ ಹತ್ತು ಸಾವಿರ ಇಟ್ಟಿದ್ದೆವು. ಫಲ ಏನು? ಐದನೇ ವಾರಕ್ಕೆ ಇಬ್ಬರು ಮುಂದೆ ಓಡಿದರು, ಉಳಿದ ಇಪ್ಪತ್ತು ಜನಕ್ಕೆ ಆಟ ಅಲ್ಲಿಗೇ ಮುಗಿಯಿತು. ಮುಂದಿದ್ದವರು ಕೊನೆಯ ಎರಡು ದಿನ ನೀರು ಬಿಟ್ಟರು, ಭೇದಿ ಮಾಡಿಸುವ ಸೋನಾಮುಖಿ ಕಷಾಯ ಕುಡಿದರು. ಒಬ್ಬರಿಗೆ ತಲೆ ತಿರುಗಿತು. ಹತ್ತು ಸಾವಿರ ಕೊಟ್ಟು ಕೆಟ್ಟ ಹೆಸರು ಕೊಂಡ ಹಾಗಾಯಿತು.

ಈಗ ಬಹುಮಾನವೇ ಇಲ್ಲ, ಡಿಪಾಸಿಟ್ ಇದೆ. ಫೀಸಲ್ಲದೆ ತಲೆಗೆ 3,000 ರೂಪಾಯಿ. ವಾರದಲ್ಲಿ ಐದಕ್ಕೆ ನಾಲ್ಕು ದಿನ ಹಾಜರಿ, ಏಳು ದಿನದ ತೂಕ ಮತ್ತು ಊಟದ ಬರಹ, ಇಷ್ಟಿದ್ದರೆ ಭಾನುವಾರ 200 ವಾಪಸ್. ತೂಕ ಏರಿದರೂ ಇಳಿದರೂ ಅದರ ಮಾತಿಲ್ಲ. ಹನ್ನೆರಡು ವಾರಕ್ಕೆ 2,400 ಹಿಂದಿರುಗುತ್ತದೆ, ಉಳಿದ 600 ಟೇಪು, ರಿಜಿಸ್ಟರು, ಕೊನೆಯ ದಿನದ ತಿಂಡಿಗೆ. ತಪ್ಪಿಸಿದವರ ಹಣ ಕೊನೆಯಲ್ಲಿ ಉಳಿದವರಿಗೆ ಸಮ ಪಾಲು, ತಲೆಗೆ ಮುನ್ನೂರು ಚಿಲ್ಲರೆ ಬಂದ ನೆನಪು. ಫೋನ್‌ಪೇಯಲ್ಲಿ ಹಾಕಿದರೆ ಪರಿಣಾಮ ಅರ್ಧ. ಗರಿಗರಿ ನೋಟು ಎಲ್ಲರ ಮುಂದೆ ಕೈಗೆ ಕೊಡಬೇಕು. ಮೂರರಿಂದ ಐದನೇ ವಾರದಲ್ಲಿ ಈ ಇನ್ನೂರರ ಜೊತೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇವೆ. ಅದನ್ನು ಬಂದು ನೋಡಿಯೇ ತಿಳಿಯಬೇಕು.

ಅಡ್ಡ ಪ್ರಯೋಗಗಳೂ ನಡೆದವು. ದೇಹದ ಕೊಬ್ಬಿನ ಶೇಕಡಾ ತೋರಿಸುವ ಎರಡೂವರೆ ಸಾವಿರದ ಮೆಷಿನ್ ತಂದೆವು. ಅದು ಪಾದದಿಂದ ಸಣ್ಣ ವಿದ್ಯುತ್ ಹರಿಸಿ ಅಂದಾಜು ಹೇಳುವಂಥದ್ದು. ಒಣ ಕಾಲಿನಲ್ಲಿ ಒಂದು, ಒದ್ದೆ ಕಾಲಿನಲ್ಲಿ ಇನ್ನೊಂದು, ವ್ಯಾಯಾಮ ಮುಗಿಸಿ ಬೆವತ ಮೇಲೆ ಮತ್ತೊಂದು. ಈಗ ಮೂಲೆಯಲ್ಲಿದೆ. ರಾತ್ರಿ ಅನ್ನದ ಬದಲು ಮುದ್ದೆ ಎಂದು ಅರ್ಧ ಬ್ಯಾಚಿಗೆ ಹೇಳಿದ್ದೆವು. ರಾಗಿ ಹಿಟ್ಟು ನೂರು ಗ್ರಾಮಿಗೆ 320 ಕ್ಯಾಲೊರಿ, ಅಕ್ಕಿ 350ರ ಆಸುಪಾಸು, ಹಾಗಾಗಿ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಿಕ್ಸ್ಚರ್ ಡಬ್ಬಕ್ಕೆ ಕೈ ಹಾಕುವುದು ಮುದ್ದೆಯವರಲ್ಲಿ ಕಡಿಮೆ ಇತ್ತು. ಫೋಟೊ ತೆಗೆಸುವುದು ಗಂಡಸರಿಗೆ ಒಗ್ಗಿತು, ಹೆಂಗಸರಲ್ಲಿ ಅರ್ಧಕ್ಕರ್ಧ ಒಪ್ಪಲಿಲ್ಲ. ಅವರಿಗೆ ಬಿಗಿಯಾದ ಹಳೆಯ ರವಿಕೆಯೊಂದೇ ಸಾಕಾಯಿತು.

ಸರಾಸರಿ, ಟೇಪು, ಮೆಟ್ಟಿಲು ಮೂರೂ ನಾಲ್ಕು ವಾರ ನಿಂತಿವೆ ಎಂದರೆ ಮಾತ್ರ ಅದು ನಿಜವಾದ ನಿಲುಗಡೆ. ಆಗ ನಾವು ಮುಟ್ಟುವುದು ವ್ಯಾಯಾಮವನ್ನಲ್ಲ, ಎಣ್ಣೆ ಕ್ಯಾನನ್ನು. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಹೋಗುತ್ತದೆ ಅನ್ನಿ. ಲೀಟರಿಗೆ 910 ಗ್ರಾಂ, ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ ಎಣ್ಣೆಯೊಂದರಲ್ಲೇ 340 ಕ್ಯಾಲೊರಿ. ಕ್ಯಾನಿನ ಮೇಲೆ ತೆರೆದ ದಿನಾಂಕ ಬರೆಸಿ, ಐದರ ಕಡೆ ಮೂರೂವರೆಗೆ ಇಳಿಸಿದರೆ ತಲೆಗೆ ದಿನಕ್ಕೆ ನೂರು ಕ್ಯಾಲೊರಿ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಎರಡನೆಯದು ಭಾನುವಾರ: ಐದು ದಿನ ಮುನ್ನೂರರಂತೆ ಉಳಿಸಿದ 1,500 ಒಂದು ಬಾಡೂಟ, ಸಂಜೆಯ ಬೋಂಡ, ರಾತ್ರಿಯ ಐಸ್‌ಕ್ರೀಮಿಗೆ ಸರಿಹೋಗುತ್ತದೆ. ಊಟದ ಬರಹದಲ್ಲಿ ಭಾನುವಾರದ ಪುಟ ಖಾಲಿ ಇದ್ದರೆ ಅಲ್ಲೇ ಹುಡುಕಿ. ಇವೆರಡೂ ಸರಿಯಿದ್ದು ಸುಸ್ತು, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಬಳಿ ಕಳಿಸುತ್ತೇವೆ, ಅದು ನಮ್ಮ ಕೆಲಸವಲ್ಲ.

ಬ್ಯಾಚು ಯಾವಾಗ ಶುರುಮಾಡಬೇಕು ಎಂದು ಕೇಳುತ್ತಿರುತ್ತಾರೆ. ಶ್ರಾವಣದಲ್ಲಿ ಬೇಡವೇ ಬೇಡ. ವರಮಹಾಲಕ್ಷ್ಮಿಯಿಂದ ಗೌರಿ ಗಣೇಶ, ದಸರಾವರೆಗೆ ಒಬ್ಬಟ್ಟು ಕಡುಬು ತಪ್ಪುವುದಿಲ್ಲ, ದಸರೆಯಲ್ಲಿ ಊರಿಗೆ ನೆಂಟರೂ ಬರುತ್ತಾರೆ. ದೀಪಾವಳಿ ಕಳೆದ ಸೋಮವಾರ ಶುರುಮಾಡಿ. ಕೊನೆಯ ಮೂರ್ನಾಲ್ಕು ವಾರಗಳ ಹೊತ್ತಿಗೆ ಸಂಕ್ರಾಂತಿ ಬರುತ್ತದೆ. ಎಳ್ಳುಬೆಲ್ಲದ ವಾರ ಹಾಜರಿ ಇದ್ದರೆ ಇನ್ನೂರು ಕೊಡಿ, ಟೇಪು ಮಾತ್ರ ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಿ.