ಮೊದಲ ಕೌದಿ ಹೊಲಿಯುವವರಿಗೆ

ಕೌದಿ ಅಂದರೆ ಹಳೆ ಬಟ್ಟೆಯ ತುಂಡುಗಳನ್ನು ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ಮೊದಲ ಸಲವೇ ಡಬಲ್ ಕಾಟ್ ಅಳತೆಗೆ ಕೈ ಹಾಕಬೇಡಿ. ಅರ್ಧಕ್ಕೆ ನಿಂತ ದೊಡ್ಡ ಕೌದಿಗಳು ನಮ್ಮ ಧಾರವಾಡದ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳ ಸೇರಿವೆ. ಕೂಸಿನ ಕೌದಿ ಮಾಡಿ. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ಮನೆಯಲ್ಲಿ ಕೂಸಿಲ್ಲವೇ? ಚಳಿಗಾಲದಲ್ಲಿ ತೊಡೆ ಮೇಲೆ ಹಾಕಿಕೊಂಡು ಟಿ.ವಿ. ನೋಡಲು ಇದೇ ಅಳತೆ.

ಬಟ್ಟೆಗಾಗಿ ಅಂಗಡಿಗೆ ಹೋಗುವುದೂ ಬೇಡ. ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆ, ಧೋತರ, ಹಳೆ ಲುಂಗಿ, ಕಾಟನ್ ಚೂಡಿದಾರ ತೆಗೆದಿಡಿ. ಇವು ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟಿರುತ್ತವೆ. ಹಳೆಯದರ ಪಕ್ಕ ಹೊಸ ಬಟ್ಟೆ ಕೂರಿಸಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ ಹಳೆಯದನ್ನು ಎಳೆಯುತ್ತದೆ. ಹೊಲಿಗೆ ಬಿದ್ದ ಜಾಗದಲ್ಲೇ ಹರಿಯುತ್ತದೆ. ಹೊಸದು ಹಾಕಲೇಬೇಕು ಅನಿಸಿದರೆ ಎರಡು ಮೂರು ಸಲ ಬಿಸಿನೀರಲ್ಲಿ ಒಗೆದು ಹಾಕಿ.

ನಮ್ಮತ್ತೆ ಬಟ್ಟೆ ನೋಡುತ್ತಿದ್ದ ರೀತಿ ಸುಲಭ. ಎರಡೂ ಹೆಬ್ಬೆರಳು ಒತ್ತಿ ಹಿಡಿದು ಎಳೆಯುವುದು. ಪರ್ ಎಂದರೆ ಅದು ಒಳಪದರಕ್ಕೆ. ತಡೆದರೆ ಮೇಲಿನ ತುಂಡಿಗೆ. ಕೆಂಪು, ಕಡುನೀಲಿ ಬಟ್ಟೆಗೆ ಇನ್ನೊಂದು ಪರೀಕ್ಷೆ ಇದೆ. ತುದಿ ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಇನ್ನೂ ಒಗೆಯಬೇಕು.

ಇಳಕಲ್ ಸೀರೆ ಇದ್ದರೆ ಒಡಲಿನ ಹತ್ತಿ ಭಾಗ ಬಳಸಿ. ಅದರ ಸೆರಗು ರೇಷ್ಮೆ, ಕೈಯಲ್ಲಿ ಜಾರುತ್ತದೆ. ಚಂದ ಕಂಡರೂ ಈ ಸಲ ಬಿಡಿ. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಒಂದು ತುಂಡು ಸಿಕ್ಕರೆ ನಡುವಿಗೆ ಎತ್ತಿಡಿ. ಜೀನ್ಸ್, ಶಿಫಾನ್, ಟೀ ಶರ್ಟ್ ಮೂರೂ ಬೇಡ. ಒಂದಕ್ಕೆ ಸೂಜಿ ಇಳಿಯುವುದಿಲ್ಲ, ಒಂದು ಜಾರುತ್ತದೆ, ಒಂದು ಹಿಗ್ಗುತ್ತದೆ.

ಈಗ ಜೋಡಣೆ. ತಳಕ್ಕೆ ಒಂದು ಸೀರೆ ತುಂಡು, ನಾಲ್ಕೂ ಕಡೆ ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸಿ. ಅದರ ಮೇಲೆ ಸರಿಯಾದ ಅಳತೆಯ ಒಳಪದರ. ಒಂದೇ ಪದರ ಸಾಕು. ಬೆಚ್ಚಗಿರಲಿ ಅಂತ ಮೂರ್ನಾಲ್ಕು ಹಾಕಿದರೆ ಬೆರಳು ನೋಯುತ್ತದೆ, ಕೌದಿ ಮೂಲೆ ಸೇರುತ್ತದೆ. ತಳದ ಅಂಚನ್ನು ಒಳಪದರದ ಮೇಲೆ ಮಡಚಿ.

ತುಂಡುಗಳನ್ನು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಇಡಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದಲ್ಲಿರುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವುದು ಹೀಗೇ. ಒಂದು ಮೂಲೆಯಿಂದ ಹಿಡಿದು, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಹೊಸಬರಿಗೆ ಇದರಲ್ಲಿ ದೊಡ್ಡ ಲಾಭವಿದೆ. ತುಂಡುಗಳು ಒಂದೇ ಅಳತೆ ಇರಬೇಕಿಲ್ಲ, ಮೊದಲೇ ಒಂದಕ್ಕೊಂದು ಹೊಲಿದುಕೊಳ್ಳಬೇಕಿಲ್ಲ, ಕೊನೆಗೆ ಅಂಚುಪಟ್ಟಿ ಹಚ್ಚುವ ಕೆಲಸವೂ ಇಲ್ಲ.

ಹೊರಸುತ್ತಿಗೆ ಒಂದೇ ಗಾಢ ಬಣ್ಣ ಇಡಿ, ನಾಲ್ಕು ಬೆರಳು ಅಗಲದ ಪಟ್ಟಿ. ಅದರೊಳಗೆ ತಿಳಿ ಬಣ್ಣದ ಸುತ್ತು. ಆಮೇಲೆ ಮನಸ್ಸಿಗೆ ಬಂದದ್ದು. ದೊಡ್ಡ ಹೂವಿನ ಪ್ರಿಂಟ್ ಎರಡು ಅಕ್ಕಪಕ್ಕ ಬರದಂತೆ ನೋಡಿ, ನಡುವೆ ಒಂದು ಸಾದಾ ತುಂಡು ಇರಲಿ. ಎಲ್ಲ ಹರಡಿ ಮೊಬೈಲಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಎರಡು ಸುತ್ತು ಬೆರೆತು ಒಂದೇ ಆಗಿ ಕಂಡರೆ ಒಂದರ ಬಟ್ಟೆ ಬದಲಿಸಿ. ಹಸಿರು, ಕೆಂಪು ಪಕ್ಕಪಕ್ಕ ಬೇರೆ ಬೇರೆ ಅನಿಸಿದರೂ ಗಾಢತೆ ಒಂದೇ ಇರುವುದು ಜಾಸ್ತಿ. ಕಣ್ಣಿಗೆ ಮೋಸ ಆಗುವುದು ಇಲ್ಲೇ.

ಹೊಲಿಗೆಗೆ ದಪ್ಪ ಹತ್ತಿ ದಾರ, ಕಣ್ಣು ದೊಡ್ಡದಿರುವ ಉದ್ದ ಸೂಜಿ. ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಸಿಕ್ಕು ಬೀಳುತ್ತದೆ. ಮೇಣದಬತ್ತಿಗೆ ಒಮ್ಮೆ ಉಜ್ಜಿಕೊಳ್ಳಿ. ಗಂಟು ಪದರದ ಒಳಗೆ ಅಡಗಿರಲಿ. ಮೊದಲ ಪಟ್ಟಿಯ ಅಂಚನ್ನು ಒಳಕ್ಕೆ ಮಡಚಿ, ತಳದ ಮಡಿಕೆಗೆ ಸರಿಯಾಗಿ ಕೂರಿಸಿ ಹೊಲಿಯುತ್ತಾ ಹೋಗಿ. ಸೂಜಿ ಎಲ್ಲ ಪದರ ದಾಟಿ ಕೆಳಗೆ ಹೋಗಿ ಮೇಲೆ ಬರುವ ಸಾದಾ ಹೊಲಿಗೆ, ಅಷ್ಟೇ. ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟಿರಲಿ. ಪಟ್ಟಿ ಮುಗಿದ ಕಡೆ ಮುಂದಿನ ತುಂಡನ್ನು ಅಂಚು ಮಡಚಿ ಅದರ ಮೇಲೆ ಒಂದು ಬೆರಳು ಏರಿಸಿ. ಹಿಂದಿನದರ ಬಿಚ್ಚಿದ ಅಂಚು ಅದರಡಿ ಮುಚ್ಚಿಹೋಗುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಎಡಗೈ ಸದಾ ಕೌದಿಯ ಕೆಳಗಿರಬೇಕು. ತಳ ಸುಕ್ಕಾದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ನೆಲದ ಮೇಲೆ ಹರಡಿಕೊಂಡೇ ಹೊಲಿಯಿರಿ. ತೊಡೆ ಮೇಲೆ ಹಾಕಿಕೊಂಡರೆ ಪದರಗಳು ಸರಿದು ಹೋಗುತ್ತವೆ.

ಮೂಲೆಗೆ ಹೂವು ಬೇಕೆಂದರೆ ಮೊದಲ ಸುತ್ತಿನಲ್ಲೇ ಸೇರಿಸಿ. ಅಂಗೈಯಗಲದ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿದರೆ ತ್ರಿಕೋನ ಆಗುತ್ತದೆ, ಹೂವೆಂದರೆ ಇದೇ. ಅದರ ಬಿಚ್ಚಿದ ಬದಿ ಪಟ್ಟಿಯಡಿ, ತುದಿ ಹೊರಗೆ. ಸಿದ್ದಿ ಕೌದಿಗಳಲ್ಲಿ ಇದನ್ನು ನೋಡಬಹುದು.

ನಡುವೆ ಒಂದು ಚೌಕ ಉಳಿಯುತ್ತದಲ್ಲ, ಖಣ ಅಲ್ಲಿಗೆ. ಅದನ್ನು ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಇಡುವುದು ನಮ್ಮ ಮನೆಯ ಪದ್ಧತಿ. "ಕೌದಿ ಹೊಟ್ಟಿ ಖಾಲಿ ಇರಬಾರ್ದವಾ" ಎನ್ನುತ್ತಿದ್ದರು ಅತ್ತೆ. ರೊಟ್ಟಿ ಚೂರು ಇಡುವವರೂ ಇದ್ದಾರೆ. ನನಗೆ ಇರುವೆಯ ಭಯ, ಜೋಳವೇ ಸಾಕು.

ಮುಗಿದ ಮೇಲೆ ತಣ್ಣೀರಲ್ಲಿ ಒಂದು ಸಲ ಅದ್ದಿ ತೆಗೆಯಿರಿ. ಆಗ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬುತ್ತದೆ, ಕೌದಿಗೆ ಕಳೆ ಬರುತ್ತದೆ. ಹಿಂಡಬೇಡಿ. ಒಂದೇ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗದ ಮೇಲೆ ಅಡ್ಡ ಹಾಸಿ, ಮಧ್ಯಾಹ್ನ ಒಮ್ಮೆ ತಿರುವಿ ಹಾಕಿ.