ಹಳೆಯ ಸಣ್ಣ ಸರ್ವರ್‌ನಿಂದ ಮನೆಮಂದಿಗೆಲ್ಲ ಒಂದು ಕಡತ ಭಂಡಾರ: ಮಲೆನಾಡಿನ ಮನೆಗೆ ಹೊಂದುವಂತೆ ಮಾಡುವುದು ಹೇಗೆ?

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯ ಸರ್ವರ್ ಗೋಣಿಚೀಲಗಳ ಹಿಂದೆ ಎರಡು ವರ್ಷ ಸುಮ್ಮನೆ ಕೂತಿತ್ತು. ಗುಜರಿಗೆ ಹೋಗುವ ಮುನ್ನ ಅದನ್ನು ಕೇಳಿ ಪಡೆದು ತೀರ್ಥಹಳ್ಳಿ ಬಳಿಯ ನಮ್ಮ ಮನೆಗೆ ತಂದೆ. 2013ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಪಿ ಮೈಕ್ರೋಸರ್ವರ್‌ನ ಎಂಟನೆಯ ತಲೆಮಾರಿನ ಮಾದರಿ ಅದು. ಉದ್ದ, ಅಗಲ, ಎತ್ತರ ಮೂರೂ ಹೆಚ್ಚುಕಡಿಮೆ ಒಂದೊಂದು ಗೇಣು. ಆ ಗೇಣಗಲದ ಪೆಟ್ಟಿಗೆಯೊಳಗೆ 3.5 ಇಂಚಿನ ನಾಲ್ಕು ಹಾರ್ಡ್‌ಡಿಸ್ಕ್‌ಗಳಿಗೆ ಜಾಗ, ಎರಡು ಗಿಗಾಬಿಟ್ ನೆಟ್‌ವರ್ಕ್ ಪೋರ್ಟ್, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿಯನ್ನು 16 ಜಿಬಿವರೆಗೆ ಹಾಕಿಕೊಳ್ಳುವ ಅವಕಾಶ. ಲೆಕ್ಕದ ತಂತ್ರಾಂಶಕ್ಕೆ ಹಳತಾದರೂ ಮನೆಯ ಫೋಟೊ, ವಿಡಿಯೊ, ಪಹಣಿ ಮತ್ತು ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಒಂದೆಡೆ ಇಟ್ಟು, ಮನೆಯ ಯಾವ ಫೋನು ಅಥವಾ ಲ್ಯಾಪ್‌ಟಾಪಿನಿಂದಲಾದರೂ ತೆರೆದು ನೋಡುವಂತೆ ಮಾಡಲು ಅದಕ್ಕೆ ಶಕ್ತಿ ಸಾಕಷ್ಟಿದೆ. ಬೇರೆ ಕಂಪನಿಯ ಸಣ್ಣ ಸರ್ವರ್ ಸಿಕ್ಕವರಿಗೂ ಕ್ರಮ ಇದೇ.

ಎಷ್ಟು ಜಾಗ ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ನಮ್ಮ ಮನೆಯಲ್ಲಿ ಅಪ್ಪ ಧ್ವನಿಮುದ್ರಿಸಿಕೊಂಡಿದ್ದ ಇನ್ನೂರರಷ್ಟು ತಾಳಮದ್ದಳೆ ಕ್ಯಾಸೆಟ್‌ಗಳಿದ್ದವು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಸುಮಾರು 635 ಎಂಬಿ ಆಗುತ್ತದೆ. ಇನ್ನೂರಕ್ಕೆ 127 ಜಿಬಿ. ಇದಕ್ಕೆ ಮದುವೆ, ಉಪನಯನಗಳ ವಿಡಿಯೊ ಮತ್ತು ಹತ್ತು ಹದಿನೈದು ವರ್ಷಗಳ ಫೋಟೊ ಸೇರಿಸಿದರೂ ಒಂದು ಟಿಬಿ ದಾಟಲಿಲ್ಲ. ಆದ್ದರಿಂದ 4 ಟಿಬಿಯ ಎರಡು ಡಿಸ್ಕ್‌ಗಳು ಬಹುತೇಕ ಮನೆಗಳಿಗೆ ಧಾರಾಳವಾಗುತ್ತವೆ. ನಾಲ್ಕು ಡಿಸ್ಕಿಗೆ ಜಾಗವಿದೆ ಎಂದು ನಾಲ್ಕನ್ನೂ ತುಂಬಿಸುವುದು ವಿದ್ಯುತ್ತಿಗೂ ಜೇಬಿಗೂ ದಂಡ.

ಬಿಚ್ಚಿ ನೋಡುವ ಕೆಲಸ

ವಿದ್ಯುತ್ ತಂತಿ ತೆಗೆದು ಪೆಟ್ಟಿಗೆ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳಿಗೆ ಅಡಿಕೆ ಸಿಪ್ಪೆಯ ಧೂಳು ಕಂದು ಉಣ್ಣೆಯಂತೆ ಅಂಟಿತ್ತು. ಅದರ ಹಿಂದೆ ಹಲ್ಲಿಯ ಮೊಟ್ಟೆಯ ಎರಡು ಸಿಪ್ಪೆಗಳಿದ್ದವು. ಇಂಥ ಧೂಳನ್ನು ಬಾಯಿಂದ ಊದಬಾರದು. ಉಸಿರಿನ ತೇವ ಬೋರ್ಡಿಗೆ ತಾಗುತ್ತದೆ. ಮೆತ್ತನೆಯ ಒಣ ಬ್ರಷ್ ಮತ್ತು ಬ್ಲೋವರ್ ಬಳಸಿ, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಂಡು ತೆಗೆಯಬೇಕು. ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಿದರೆ, ಸತ್ತೇ ಹೋಗಿದೆ ಎಂದುಕೊಂಡ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಎರಡು ವರ್ಷ ಕರೆಂಟ್ ಕಾಣದ ಯಂತ್ರದಲ್ಲಿ ಸಿಆರ್2032 ಎಂಬ ಗುಂಡಿ ಬ್ಯಾಟರಿ ಖಾಲಿಯಾಗಿರುವುದು ಸಾಮಾನ್ಯ; ಅದನ್ನೂ ಬದಲಿಸಿ, ಮೆಮ್‌ಟೆಸ್ಟ್ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ಮೆಮೊರಿ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಯಂತ್ರದ ಜೊತೆಗೆ ಬಂದ ಹಳೆಯ ಡಿಸ್ಕ್‌ಗಳಲ್ಲಿ ಹಿಂದಿನವರ ಲೆಕ್ಕಪತ್ರ ಇರಬಹುದು. ಅದನ್ನು ಕುತೂಹಲಕ್ಕೂ ತೆರೆಯದೆ, ಅವರಿಗೆ ಬೇಕೇ ಎಂದು ಕೇಳಿ, ಬೇಡವೆಂದರೆ ಪೂರ್ತಿ ಅಳಿಸಿಬಿಡುವುದು ಮರ್ಯಾದೆ. ಆ ಡಿಸ್ಕ್‌ಗಳನ್ನೇ ಬಳಸುವ ಆಸೆ ಇದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿಯಲ್ಲಿ 5, 197 ಮತ್ತು 198 ಎಂಬ ಮೂರು ಸಾಲುಗಳನ್ನು ನೋಡಬೇಕು. ಕೆಟ್ಟುಹೋಗಿ ಬೇರೆಡೆಗೆ ಸರಿಸಲಾದ, ಓದಲು ತಕರಾರು ಮಾಡುತ್ತಿರುವ ಮತ್ತು ಓದಲು ಬಾರದೇ ಹೋದ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಈ ಮೂರರಲ್ಲಿ ಯಾವುದೇ ಒಂದು ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕನ್ನು ನಾನಾದರೆ ನಂಬುವುದಿಲ್ಲ. ನನಗೆ ಸಿಕ್ಕ ಡಿಸ್ಕ್ 40,000 ಗಂಟೆ, ಎಂದರೆ ನಾಲ್ಕೂವರೆ ವರ್ಷ ನಿಲ್ಲದೆ ದುಡಿದಿತ್ತು; ಅದಕ್ಕೆ ನಿವೃತ್ತಿ ಕೊಟ್ಟೆ.

ಹೊಸ ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ ವಿಧದ್ದೇ ಎಂದು ಕೇಳಿಯೇ ಕೊಳ್ಳಬೇಕು. ಎಸ್‌ಎಂಆರ್ ಎಂಬ ಇನ್ನೊಂದು ವಿಧದಲ್ಲಿ ದತ್ತಾಂಶದ ಗೆರೆಗಳು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಬರುತ್ತವೆ. ಒಂದು ಹೆಂಚು ಬದಲಿಸಲು ಸಾಲನ್ನೇ ಎಬ್ಬಿಸುವಂತೆ, ಒಂದು ಗೆರೆ ತಿದ್ದಲು ಪಕ್ಕದ ಗೆರೆಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಕೆಟ್ಟ ಡಿಸ್ಕ್ ಬದಲಿಸಿ ಹೊಸದಕ್ಕೆ ಎಲ್ಲವನ್ನೂ ತುಂಬಿಸುವ ಹೊತ್ತಿನಲ್ಲಿ ಇದು ಬಹಳ ಸತಾಯಿಸುತ್ತದೆ.

ಇನ್ನೊಂದು ಸಣ್ಣ ಕೆಲಸವನ್ನು ತಪ್ಪದೆ ಮಾಡಿ. ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ಅದು ಕೂರುವ ಟ್ರೇಯ ಮುಂಭಾಗಕ್ಕೆ ಅಂಟಿಸಿ. ಒಂದು ಡಿಸ್ಕ್ ಕೆಟ್ಟಿದೆ ಎಂಬ ಸೂಚನೆ ಬಂದ ರಾತ್ರಿ, ಅವಸರದಲ್ಲಿ ನಾನು ಕೆಟ್ಟದ್ದನ್ನು ಬಿಟ್ಟು ನೆಟ್ಟಗಿದ್ದುದನ್ನೇ ಎಳೆದು ಹೊರಗಿಟ್ಟಿದ್ದೆ. ಪುಣ್ಯಕ್ಕೆ ಏನೂ ಕಳೆಯಲಿಲ್ಲ, ಆದರೆ ಆ ಅರ್ಧ ಗಂಟೆ ಬೆವರಿಳಿದುಹೋಯಿತು. ಚೀಟಿಯನ್ನು ಡಿಸ್ಕಿನ ಮೈಮೇಲೆಯೇ ಅಂಟಿಸುವುದಾದರೆ ಅದರ ಉಸಿರುಕಿಂಡಿ ಮುಚ್ಚದಂತೆ ಎಚ್ಚರ ವಹಿಸಿ. ಹೀಲಿಯಂ ತುಂಬಿ ಮುಚ್ಚಿದವುಗಳನ್ನು ಬಿಟ್ಟರೆ ಉಳಿದ ಡಿಸ್ಕ್‌ಗಳಿಗೆ ಒಳಗಿನ ಗಾಳಿಯ ಒತ್ತಡ ಹೊರಗಿನದರೊಂದಿಗೆ ಸರಿಹೊಂದಲೆಂದು ಇಂಥದ್ದೊಂದು ಸಣ್ಣ ತೂತು ಇರುತ್ತದೆ.

ಎಲ್ಲಿ ಇಡಬೇಕು, ಕರೆಂಟ್ ಹೇಗೆ ಕೊಡಬೇಕು

ಯಾವ ತಂತ್ರಾಂಶ ಒಳ್ಳೆಯದು ಎಂದು ವಾರಗಟ್ಟಲೆ ಚರ್ಚಿಸುವವರು ಪೆಟ್ಟಿಗೆ ಇಡುವ ಜಾಗದ ಬಗ್ಗೆ ಒಂದು ನಿಮಿಷವೂ ಯೋಚಿಸುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವ ತಾಲ್ಲೂಕಿನಲ್ಲಿ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಮಳೆಯ ಇರಚಲು ಬಡಿಯುವ ಪಡುವಣ ಗೋಡೆಗೆ ತಾಗಿಸಿ ಇಡಬಾರದು. ನೆಲದ ಮೇಲೆ ಇಟ್ಟರೆ ಶೀತದ ಜೊತೆಗೆ ಗೆದ್ದಲಿನ ಕಾಟ. ಅಟ್ಟದಲ್ಲಿ ಇಟ್ಟರೆ ಬಚ್ಚಲೊಲೆಯ ಹೊಗೆ ಮತ್ತು ಇಲಿ. ನಡುಮನೆಯ ಒಳಗೋಡೆಯಲ್ಲಿ, ಸೊಂಟದೆತ್ತರದ ಮರದ ಹಲಗೆಯ ಮೇಲೆ, ಹಿಂಬದಿಯ ಫ್ಯಾನಿಗೆ ಒಂದು ಗೇಣು ಬಿಟ್ಟು ಇಡುವುದು ಸೂಕ್ತ. ಮುಚ್ಚಿದ ಕಪಾಟು ಬೇಡ.

ಮಳೆಗಾಲದಲ್ಲಿ ಯಂತ್ರವನ್ನು ಆರಿಸಿಡುವುದಕ್ಕಿಂತ ಓಡುತ್ತಿರಲು ಬಿಡುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಓಡುತ್ತಿರುವ ಯಂತ್ರದ ಒಳಗು ಹೊರಗಿನ ಗಾಳಿಗಿಂತ ಬೆಚ್ಚಗಿರುವುದರಿಂದ ಒಳಗೆ ತೇವ ಕೂರುವುದಿಲ್ಲ. ಆಷಾಢದುದ್ದಕ್ಕೂ ಆರಿಸಿಟ್ಟ ಯಂತ್ರಕ್ಕಾದರೋ ಪುಸ್ತಕದ ರಟ್ಟಿಗೆ ಹಿಡಿಯುವಂತೆಯೇ ಬೂಸ್ಟು ಹಿಡಿಯುತ್ತದೆ. ಇಂಥ ಸರ್ವರ್ 40 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 29 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಉಚಿತ ಮಿತಿ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಯಾಗುವುದರಿಂದ, ಹೊಸದಾಗಿ ಸೇರುವ ಈ 29 ಯೂನಿಟ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳಬಹುದು. ಮನೆಯವರಿಗೆ ಮೊದಲೇ ಹೇಳಿಬಿಡುವುದು ಜಾಣತನ.

ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದ್ದರೂ ಅದರ ಸುತ್ತಲಿನ ಊರುಗಳಲ್ಲಿ ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕತ್ತಲೆಯೇ ಗತಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ಕೆಡುವ ಸಾಧ್ಯತೆ ಇರುವುದರಿಂದ ಯುಎಸ್‌ಬಿ ಸಂಪರ್ಕವಿರುವ ಸಣ್ಣ ಯುಪಿಎಸ್ ಬೇಕೇಬೇಕು. ಕರೆಂಟ್ ಹೋಗಿ ಬ್ಯಾಟರಿ ಇಳಿಯತೊಡಗಿದಾಗ ಅದು ಯುಎಸ್‌ಬಿ ತಂತಿಯ ಮೂಲಕ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ. ಸರ್ವರ್ ತಾನೇ ಕ್ರಮವಾಗಿ ಆರುತ್ತದೆ. ಮನೆಯ ಇನ್ವರ್ಟರ್‌ನಿಂದಲೇ ಕೊಡುವುದಾದರೆ ಅದು ಸೈನ್ ವೇವ್ ವಿಧದ್ದಾಗಿರಬೇಕು ಮತ್ತು ಅದರ ಹಿಂದಿನ ಗುಂಡಿ ಯುಪಿಎಸ್ ಮೋಡ್‌ನಲ್ಲಿರಬೇಕು. ಇನ್ನೊಂದು ಮೋಡ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣ ದೀಪ, ಫ್ಯಾನುಗಳಿಗೆ ತಿಳಿಯದಿದ್ದರೂ ಕಂಪ್ಯೂಟರಿಗೆ ತಡೆಯಲಾರದಷ್ಟು ದೀರ್ಘವಾಗುತ್ತದೆ.

ಸಿಡಿಲಿನ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತೆ. ಮೇ ತಿಂಗಳ ಒಂದು ಸಂಜೆ ಗುಡುಗು ಶುರುವಾದ ಕೂಡಲೇ ಸರ್ವರಿನ ಪ್ಲಗ್ ಕಿತ್ತಿದ್ದೆ. ನೆಟ್‌ವರ್ಕ್ ತಂತಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೆ. ಸಿಡಿಲಿನ ಹೊಡೆತ ರೂಟರ್ ಮೂಲಕ ಬಂದು ಸರ್ವರಿನ ಒಂದು ನೆಟ್‌ವರ್ಕ್ ಪೋರ್ಟನ್ನು ಸುಟ್ಟಿತು. ಎರಡನೆಯ ಪೋರ್ಟ್ ಇದ್ದುದರಿಂದ ಯಂತ್ರ ಉಳಿಯಿತು. ಅಂದಿನಿಂದ ಮೋಡ ಕವಿದು ಮಿಂಚು ಕಂಡರೆ ಪ್ಲಗ್ಗು ಮತ್ತು ನೆಟ್‌ವರ್ಕ್ ತಂತಿ ಎರಡನ್ನೂ ಕೀಳುವುದು ನಮ್ಮ ಮನೆಯ ರೂಢಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ನೋಡಿಸಿ.

ತಂತ್ರಾಂಶ ಹಾಕುವ ಕ್ರಮ

ಯಂತ್ರವನ್ನು ಕಡತ ಭಂಡಾರವಾಗಿಸುವ ತಂತ್ರಾಂಶ ಬೇಕು. ಮೆಮೊರಿ 8 ಜಿಬಿ ಅಥವಾ ಹೆಚ್ಚಿದ್ದರೆ ಟ್ರೂನಾಸ್, ಅದಕ್ಕಿಂತ ಕಡಿಮೆ ಇದ್ದರೆ ಓಪನ್‌ಮೀಡಿಯಾವಾಲ್ಟ್, ಎರಡೂ ಉಚಿತ. ಟ್ರೂನಾಸ್ 2005ರಲ್ಲಿ ಫ್ರೀನಾಸ್ ಎಂಬ ಹೆಸರಿನಲ್ಲಿ ಆರಂಭವಾದದ್ದು. ಇಸಿಸಿ ಮೆಮೊರಿ ಇರುವ ಯಂತ್ರಕ್ಕೆ ನನ್ನ ಆಯ್ಕೆ ಅದೇ, ಏಕೆಂದರೆ ಅದು ಬಳಸುವ ಜ಼ಡ್‌ಎಫ್‌ಎಸ್ ವ್ಯವಸ್ಥೆ ಬರೆದ ಪ್ರತಿ ತುಣುಕಿಗೂ ಒಂದು ತಾಳೆಸಂಖ್ಯೆ ಇಟ್ಟುಕೊಂಡು, ಓದುವಾಗ ಅದರೊಂದಿಗೆ ಹೋಲಿಸಿ, ಒಂದು ಡಿಸ್ಕಿನಲ್ಲಿ ಕೆಟ್ಟಿದ್ದರೆ ಇನ್ನೊಂದರಿಂದ ತಿದ್ದಿಕೊಳ್ಳುತ್ತದೆ.

ಸರ್ವರ್ ಏಳುವಾಗ ತೆರೆಯಬಹುದಾದ ಬಯಾಸ್ ಎಂಬ ಮೂಲ ಹೊಂದಿಕೆಯ ಪುಟಕ್ಕೆ ಹೋಗಿ, ಡಿಸ್ಕ್ ನಿಯಂತ್ರಕವನ್ನು ರೇಡ್ (ಹಲವು ಡಿಸ್ಕ್‌ಗಳನ್ನು ಬೋರ್ಡೇ ಒಂದಾಗಿಸುವ ವಿಧಾನ) ಬದಲಿಗೆ ಎಎಚ್‌ಸಿಐ (ಪ್ರತಿ ಡಿಸ್ಕನ್ನೂ ಬಿಡಿಯಾಗಿ ತೋರಿಸುವ) ವಿಧಾನಕ್ಕೆ ಬದಲಿಸಿಕೊಳ್ಳಿ. ಬೋರ್ಡಿನ ರೇಡ್ ಬಳಸಿದರೆ ನಾಳೆ ಬೋರ್ಡೇ ಸುಟ್ಟಾಗ ಅದೇ ಬಗೆಯ ಬೋರ್ಡ್ ಹುಡುಕಿಕೊಂಡು ಅಲೆಯಬೇಕಾಗಬಹುದು. ಜ಼ಡ್‌ಎಫ್‌ಎಸ್ ಡಿಸ್ಕ್‌ಗಳನ್ನಾದರೆ ಜ಼ಡ್‌ಎಫ್‌ಎಸ್ ಬಲ್ಲ ತಂತ್ರಾಂಶವಿರುವ ಯಾವ ಕಂಪ್ಯೂಟರಿಗೆ ಜೋಡಿಸಿದರೂ ಓದಿಸಬಹುದು. ಅನಂತರ ತಂತ್ರಾಂಶದ ಐಎಸ್‌ಒ ಕಡತವನ್ನು (ಅನುಸ್ಥಾಪನೆಗೆ ಬೇಕಾದದ್ದೆಲ್ಲ ಒಳಗೊಂಡ ಕಡತ) ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದ ಮೂಲಕ ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಯಂತ್ರವನ್ನು ಎಬ್ಬಿಸಿ, ಒಂದು ಸಣ್ಣ ಎಸ್‌ಎಸ್‌ಡಿಗೆ ಅನುಸ್ಥಾಪಿಸಬೇಕು. ಈ ಹೊತ್ತಿನಲ್ಲಿ ದೊಡ್ಡ ಡಿಸ್ಕ್‌ಗಳನ್ನು ಹೊರಗೆ ಎಳೆದಿಟ್ಟಿರಿ. ತಪ್ಪಿ ಬೇರೆ ಡಿಸ್ಕ್ ಆಯ್ದು ಅಳಿಸಿಬಿಡುವ ಭಯವಿರುವುದಿಲ್ಲ. ಕೆಲಸ ಮುಗಿದು ಯಂತ್ರ ಮತ್ತೆ ಎದ್ದಾಗ ಪರದೆಯ ಮೇಲೆ 192.168.1.10 ಎಂಬಂಥ ಒಂದು ವಿಳಾಸ ಕಾಣುತ್ತದೆ. ಅದನ್ನು ರೂಟರಿನಲ್ಲಿ ಕಾಯ್ದಿರಿಸಿದರೆ ವಿಳಾಸ ಬದಲಾಗುವುದಿಲ್ಲ. ಇನ್ನು ಮಾನಿಟರ್ ಬೇಡ; ಉಳಿದದ್ದೆಲ್ಲ ಲ್ಯಾಪ್‌ಟಾಪಿನ ಬ್ರೌಸರಿನಲ್ಲೇ.

ಡಿಸ್ಕ್‌ಗಳನ್ನು ಕೂರಿಸಿ, ಪೂಲ್ (ಡಿಸ್ಕ್‌ಗಳು ಸೇರಿ ಆಗುವ ಒಂದೇ ಸಂಗ್ರಹ) ಒಂದನ್ನು ಸೃಷ್ಟಿಸಿ, ಅದರ ವಿನ್ಯಾಸವನ್ನು ಮಿರರ್ ಎಂದು ಆಯ್ದುಕೊಳ್ಳಿ. ಬರೆದದ್ದೆಲ್ಲ ಎರಡರಲ್ಲೂ ಇರುವುದರಿಂದ ಒಂದು ಡಿಸ್ಕಿನಷ್ಟೇ ಜಾಗ ದೊರೆಯುತ್ತದೆ. ಅದೂ 4 ಟಿಬಿ ಎಂಬುದು ಎಣಿಕೆಯ ವ್ಯತ್ಯಾಸದಿಂದ 3.6 ಎಂದು ಕಾಣುತ್ತದೆ, ಯಾರೂ ಮೋಸ ಮಾಡಿಲ್ಲ. ಅದರಲ್ಲೂ ಶೇ 80ಕ್ಕಿಂತ ಹೆಚ್ಚು ತುಂಬಿಸದಿರುವುದು ಲೇಸು. ಪೂಲ್ ಒಳಗೆ ಫೋಟೊ, ದಾಖಲೆ, ಧ್ವನಿ ಎಂದು ಬೇರೆಬೇರೆ ಡೇಟಾಸೆಟ್ (ವಿಭಾಗ) ಮಾಡಿ, ಪ್ರತಿಯೊಂದಕ್ಕೂ ಎಸ್‌ಎಂಬಿ ಎಂಬ, ಜಾಲದ ಇತರ ಯಂತ್ರಗಳಿಗೆ ಕಡತ ತೋರಿಸುವ ವಿಧಾನದ ಹಂಚಿಕೆ ಕೊಟ್ಟು, ಮನೆಯ ಪ್ರತಿಯೊಬ್ಬರಿಗೂ ಹೆಸರು ಮತ್ತು ಪಾಸ್‌ವರ್ಡ್ ನೀಡಿ. ದಾಖಲೆಗಳ ಡೇಟಾಸೆಟ್ಟಿನಲ್ಲಿ ಅಳಿಸುವ ಅಧಿಕಾರ ಒಬ್ಬರಿಗಷ್ಟೇ ಇರಲಿ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ \\192.168.1.10 ಎಂದು ಬರೆದರೆ ಭಂಡಾರದ ಬಾಗಿಲು ತೆರೆಯುತ್ತದೆ.

ದಿನಕ್ಕೊಮ್ಮೆ ತಾನಾಗಿ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯುವಂತೆಯೂ, ತಿಂಗಳಿಗೊಮ್ಮೆ ಸ್ಕ್ರಬ್ (ಡಿಸ್ಕಿನಲ್ಲಿರುವುದನ್ನೆಲ್ಲ ಓದಿ ತಾಳೆ ನೋಡುವ ಕೆಲಸ) ನಡೆಯುವಂತೆಯೂ ಹೊಂದಿಸಿ. ಮಗು ಒಂದು ಫೋಲ್ಡರ್ ಅಳಿಸಿದರೆ ನಿನ್ನೆಯ ಸ್ನ್ಯಾಪ್‌ಶಾಟ್‌ನಿಂದ ಮರಳಿ ಪಡೆಯಬಹುದು. ಮೊದಲ ಬಾರಿ ತುಂಬಿಸುವಾಗ ಲ್ಯಾಪ್‌ಟಾಪನ್ನು ವೈಫೈ ಬಿಟ್ಟು ತಂತಿಯಲ್ಲೇ ಜೋಡಿಸಿ, ರೂಟರಿನ ಪೋರ್ಟುಗಳು ಗಿಗಾಬಿಟ್ಟಿನವೇ ಎಂದು ನೋಡಿಕೊಳ್ಳಿ: 500 ಜಿಬಿ ಸಾಗಿಸಲು ಗಿಗಾಬಿಟ್ಟಿಗೆ ಒಂದೂಕಾಲು ಗಂಟೆ ಸಾಕು, 100 ಮೆಗಾಬಿಟ್ಟಿನ ಪೋರ್ಟಾದರೆ ಹನ್ನೆರಡು ಗಂಟೆ ದಾಟುತ್ತದೆ.

ಹೊರಗಿನಿಂದ ಕಡತ ನೋಡುವ ಆಸೆಗೆ ರೂಟರಿನಲ್ಲಿ ಪೋರ್ಟ್ ತೆರೆದಿಡಬೇಡಿ. 2017ರಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ಎಸ್‌ಎಂಬಿಯ ಹಳೆಯ ಆವೃತ್ತಿಯ ದೋಷದ ಮೂಲಕವೇ. ಬೇಕೇ ಆದರೆ ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಬಳಸಿ.

ಇನ್ನೊಂದು ಪ್ರತಿ, ಇನ್ನೊಂದು ಮನೆಯಲ್ಲಿ

ಮಿರರ್ ಇದೆ ಎಂದಮಾತ್ರಕ್ಕೆ ಬ್ಯಾಕಪ್ ಇದೆ ಎಂದಲ್ಲ. ಸಿಡಿಲು ಹೊಡೆದರೆ ಎರಡೂ ಡಿಸ್ಕ್ ಒಟ್ಟಿಗೇ ಹೋಗುತ್ತವೆ, ಕಳ್ಳ ಬಂದರೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಆದ್ದರಿಂದ ಹೊರಗಿನ ಹಾರ್ಡ್‌ಡಿಸ್ಕ್ ಒಂದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಬೇರೆ ಊರಿನಲ್ಲಿ ಇಡಬೇಕು. ನಮ್ಮದು ಶಿವಮೊಗ್ಗದಲ್ಲಿರುವ ತಂಗಿಯ ಮನೆಯಲ್ಲಿದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ, ಔಷಧದ ಬಾಟಲಿಗಳಲ್ಲಿ ಬರುವಂಥ ಸಿಲಿಕಾ ಪೊಟ್ಟಣಗಳ ಜೊತೆ. ಹಬ್ಬಕ್ಕೆ ಬರುವಾಗ ಅವಳು ಡಬ್ಬಿ ತರುತ್ತಾಳೆ. ಮಳೆಯಲ್ಲಿ ಬಂದ ತಣ್ಣನೆಯ ಡಿಸ್ಕನ್ನು ಕೂಡಲೇ ಜೋಡಿಸದೆ ಎರಡು ಗಂಟೆ ಒಳಗಿಟ್ಟು, ಆಮೇಲೆ ನಕಲು ಮಾಡಿ, ಮರಳಿ ಕಳಿಸುವ ಮುನ್ನ ಯಾವುದಾದರೊಂದು ತಾಳಮದ್ದಳೆಯ ಕಡತವನ್ನು ಆ ಡಿಸ್ಕಿನಿಂದಲೇ ತೆರೆದು ಕೇಳಿ, ಡಬ್ಬಿಯ ಮುಚ್ಚಳದ ಮೇಲೆ ಆ ದಿನದ ತಾರೀಖು ಬರೆಯುತ್ತೇವೆ.